ಮೋಟಾರ್ ಸುಟ್ಟರೆ ವೈಂಡಿಂಗ್, ಲ್ಯಾಪ್‌ಟಾಪ್ ಬೋರ್ಡ್ ಹೋದರೆ ಗುಜರಿಯೇ?

ಲ್ಯಾಪ್‌ಟಾಪ್ ಹಿಡಿದುಕೊಂಡು ತಾಲ್ಲೂಕು ಪೇಟೆಯ ರಿಪೇರಿ ಅಂಗಡಿಗೆ ಹೋದ ಬಹಳ ಜನರಿಗೆ ಈ ಮಾತು ಗೊತ್ತು: "ಬೋರ್ಡ್ ಹೋಗಿದೆ. ಪ್ರೊಸೆಸರ್, ಡಿಸ್‌ಪ್ಲೇ, ಕೀಬೋರ್ಡ್ ಎಲ್ಲಾ ಚೆನ್ನಾಗೇ ಇದೆ. ಆದ್ರೆ ಈ ಮಾಡೆಲ್‌ಗೆ ಬೋರ್ಡ್ ಸಿಗಲ್ಲ. ಹೊಸದು ತಗೊಂಡುಬಿಡಿ."

ಕೊನೆಯ ಮಾತು ಹೇಳುವುದು ಸುಲಭ, ಮಾಡುವುದು ಕಷ್ಟ. ಹಳ್ಳಿಯಲ್ಲಿ ಒಂದು ಲ್ಯಾಪ್‌ಟಾಪ್ ಅಂದರೆ ಒಬ್ಬರದ್ದಲ್ಲ. ಅಕ್ಕನ ಡಿಗ್ರಿ ಪ್ರಾಜೆಕ್ಟ್, ತಮ್ಮನ ಐಟಿಐ ಪಾಠ, ಪಕ್ಕದ ಮನೆಯವರ ಸ್ಕಾಲರ್‌ಶಿಪ್ ಅರ್ಜಿ, ಸಂಘದ ಲೆಕ್ಕ ಎಲ್ಲ ಅದರಲ್ಲೇ. ಮೊಬೈಲಿನಲ್ಲಿ ಎಲ್ಲ ಆಗುತ್ತದೆ ಅನ್ನುವವರು ಮೊಬೈಲಿನಲ್ಲಿ ನಲವತ್ತು ಪುಟದ ಪ್ರಾಜೆಕ್ಟ್ ಟೈಪ್ ಮಾಡಿ ನೋಡಲಿ. ಒಂದು ಬೋರ್ಡ್ ಸಿಗಲಿಲ್ಲ ಅಂದರೆ ಒಂದು ಮನೆಯ ಓದು ಒಂದು ಸೆಮಿಸ್ಟರ್ ಹಿಂದೆ ಬೀಳಬಹುದು.

ಈಗ ಒಂದು ಹೋಲಿಕೆ. ಬೋರ್‌ವೆಲ್ಲಿನ ಐದು ಎಚ್‌ಪಿ ಮೋಟಾರ್ ಸುಟ್ಟರೆ ನಾವು ಏನು ಮಾಡುತ್ತೇವೆ? ಎತ್ತಿಸಿ, ಗಾಡಿಗೆ ಹಾಕಿ, ವೈಂಡಿಂಗ್ ಅಂಗಡಿಗೆ ಒಯ್ಯುತ್ತೇವೆ. ಅವನು ಸುಟ್ಟ ತಂತಿ ತೆಗೆದು ಹೊಸ ತಾಮ್ರದ ತಂತಿ ಸುತ್ತುತ್ತಾನೆ, ಬುಷ್ ಸವೆದಿದ್ದರೆ ಬುಷ್ ಹಾಕುತ್ತಾನೆ. "ತಂತಿ ಸುಟ್ಟಿದೆ, ಮೋಟಾರೇ ಬಿಸಾಕಿ" ಅಂದರೆ ಆ ಅಂಗಡಿಗೆ ಮತ್ತೆ ಯಾರೂ ಕಾಲಿಡುವುದಿಲ್ಲ. ಹಾಗಿದ್ದರೆ ಲ್ಯಾಪ್‌ಟಾಪ್ ವಿಷಯದಲ್ಲಿ ಅದೇ ಮಾತನ್ನು ನಾವು ತಲೆ ತಗ್ಗಿಸಿ ಯಾಕೆ ಒಪ್ಪಿಕೊಳ್ಳುತ್ತೇವೆ?

ನಮ್ಮ ಉತ್ತರ ಇಷ್ಟು: ತಪ್ಪು ತಾಲ್ಲೂಕಿನ ರಿಪೇರಿ ಹುಡುಗನದ್ದಲ್ಲ. ಬೋರ್ಡ್ ಸಿಗದ ಹಾಗೆ ವಸ್ತುವನ್ನು ಮಾಡಿದವರು, ಸಿಗುವ ಹಾಗೆ ಮಾಡಿ ಎಂದು ಕೇಳದೆ ಸಾವಿರಗಟ್ಟಲೆ ಕೊಳ್ಳುವವರು, ಇಬ್ಬರೂ ಹೊಣೆ. ಅದನ್ನು ಬಿಡಿಸಿ ಹೇಳುತ್ತೇವೆ. ಜೊತೆಗೆ, ಬೋರ್ಡ್ ಹುಡುಕುವವರು ಮೋಸ ಹೋಗದಿರಲು ಗೊತ್ತಿರಬೇಕಾದ್ದನ್ನೂ ಹೇಳುತ್ತೇವೆ.

ಬೋರ್ಡ್ ಯಾಕೆ ಸಿಗುವುದಿಲ್ಲ?

ಮದರ್‌ಬೋರ್ಡ್ ಅಂದರೆ ಕಂಪ್ಯೂಟರಿನ ಒಳಗಿನ ದೊಡ್ಡ ಹಲಗೆ. ಪ್ರೊಸೆಸರ್, ರ್‍ಯಾಮ್, ಡಿಸ್ಕ್, ಚಾರ್ಜರ್ ಪಿನ್ ಎಲ್ಲ ಸೇರುವುದು ಅದಕ್ಕೇ. ಡೆಸ್ಕ್‌ಟಾಪ್ ಕಂಪ್ಯೂಟರಿನ ಬೋರ್ಡಿಗೆ ಒಂದು ಒಪ್ಪಿತ ಅಳತೆ ಇದೆ. ಎಟಿಎಕ್ಸ್ ಎಂಬ ಆ ಅಳತೆಯನ್ನು ಇಂಟೆಲ್ ಕಂಪನಿ 1995ರಲ್ಲಿ ತಂದಿತು. ಸ್ಕ್ರೂ ತೂತು ಎಲ್ಲಿರಬೇಕು, ಕರೆಂಟ್ ಎಲ್ಲಿಂದ ಬರಬೇಕು ಎಲ್ಲ ಅದರಲ್ಲಿ ಗೊತ್ತುಪಡಿಸಿದೆ. ಹಾಗಾಗಿ ಒಂದು ಕಂಪನಿಯ ಬೋರ್ಡ್ ಇನ್ನೊಂದು ಕಂಪನಿಯ ಡಬ್ಬಿಯಲ್ಲಿ ಕೂರುತ್ತದೆ.

ಲ್ಯಾಪ್‌ಟಾಪಿಗೆ ಅಂಥ ಅಳತೆ ಇಲ್ಲ. ಪ್ರತಿ ಮಾಡೆಲಿಗೆ ಬೇರೆ ಆಕಾರದ ಬೋರ್ಡ್. ಒಂದೇ ಕಂಪನಿಯ ಎರಡು ಮಾಡೆಲ್ ಅಕ್ಕಪಕ್ಕ ಇಟ್ಟರೂ ಒಂದರ ಬೋರ್ಡ್ ಇನ್ನೊಂದಕ್ಕೆ ಆಗುವುದಿಲ್ಲ. ಎಲ್ಲ ಟ್ರ್ಯಾಕ್ಟರಿಗೂ ಬೇರೆ ಬೇರೆ ಅಳತೆಯ ನಟ್ಟು ಬೋಲ್ಟು ಮಾಡಿದರೆ ಹೇಗಿರುತ್ತದೆ, ಹಾಗೆ.

ಇದರ ಮೇಲೆ ಇನ್ನೊಂದು ಗಂಟು ಬಿದ್ದಿದೆ. ಮೊದಲು ಲ್ಯಾಪ್‌ಟಾಪಿನಲ್ಲೂ ಪ್ರೊಸೆಸರನ್ನು ಸಾಕೆಟ್‌ನಿಂದ ಎತ್ತಿ ತೆಗೆಯಬಹುದಿತ್ತು. 2013ರಲ್ಲಿ ಬಂದ ಇಂಟೆಲ್‌ನ ಎರಡು ಪ್ರೊಸೆಸರ್ ನೋಡಿ: ಐ5-4200ಎಂ ಮತ್ತು ಐ5-4200ಯು. ಹೆಸರಿನಲ್ಲಿ ಕೊನೆಯ ಅಕ್ಷರ ಮಾತ್ರ ಬೇರೆ. ಮೊದಲನೆಯದಕ್ಕೆ 946 ಪಿನ್. ಒಂದು ಸಣ್ಣ ಸ್ಕ್ರೂ ತಿರುಗಿಸಿದರೆ ಕೈಗೆ ಬರುತ್ತದೆ. ಎರಡನೆಯದು ಬೋರ್ಡಿಗೇ ಬೆಸುಗೆ. ಅದು ಬೋರ್ಡಿನ ಜೊತೆ ಹುಟ್ಟಿ ಬೋರ್ಡಿನ ಜೊತೆಯೇ ಸಾಯುತ್ತದೆ.

ಆ ನಾಲ್ಕನೇ ತಲೆಮಾರಿನ ನಂತರ, ಅಂದರೆ ಐದನೇ ತಲೆಮಾರಿನಿಂದ, ಇಂಟೆಲ್ ತನ್ನ ಲ್ಯಾಪ್‌ಟಾಪ್ ಪ್ರೊಸೆಸರುಗಳನ್ನೆಲ್ಲ ಬೆಸುಗೆ ಹಾಕುವ ಬಗೆಯಲ್ಲೇ ಮಾಡಿತು. ಅದರ ಪೈಪೋಟಿಯ ಎಎಂಡಿ ಕಂಪನಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ದಾರಿ ಹಿಡಿಯಿತು. ಹಾಗಾಗಿ ಈಗ ಬೋರ್ಡ್ ಬದಲಿಸುವುದೆಂದರೆ ಅದರ ಮೇಲಿನ ಪ್ರೊಸೆಸರನ್ನೂ ಸೇರಿಸಿಯೇ ಕೊಳ್ಳಬೇಕು. ಕೆಟ್ಟಿದ್ದು ಒಂದು, ದುಡ್ಡು ಕೊಡಬೇಕಾದ್ದು ಎರಡಕ್ಕೆ.

ಪ್ರೊಸೆಸರ್ ಉಳಿದಿದೆ, ಅದನ್ನೇ ಡೆಸ್ಕ್‌ಟಾಪ್ ಬೋರ್ಡಿಗೆ ಹಾಕೋಣ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಅದೇ ನಾಲ್ಕನೇ ತಲೆಮಾರಿನ ಡೆಸ್ಕ್‌ಟಾಪ್ ಸಾಕೆಟ್ 1150 ಪಿನ್ನಿನದು. ಅಲ್ಲಿ ಪಿನ್ ಇರುವುದು ಸಾಕೆಟ್‌ನಲ್ಲಿ, ಇಲ್ಲಿ ಪಿನ್ ಇರುವುದು ಪ್ರೊಸೆಸರಿನಲ್ಲಿ. ಲ್ಯಾಪ್‌ಟಾಪಿನಲ್ಲೇ ಎರಡನೇ ಮತ್ತು ಮೂರನೇ ತಲೆಮಾರಿನ ಪಿನ್ ಇರುವ ಪ್ರೊಸೆಸರುಗಳಿಗೆ 988 ಪಿನ್ನಿನ ಸಾಕೆಟ್. ಅವು ನಾಲ್ಕನೇ ತಲೆಮಾರಿನ ಬೋರ್ಡಿನಲ್ಲಿ ಕೂರುವುದಿಲ್ಲ.

ಬೋರ್ಡ್ ಹೋಗಿದೆ ಅಂದರೆ ಪೂರ್ತಿ ಹೋಗಿದೆ ಎಂದಲ್ಲ

ಇದನ್ನು ಒತ್ತಿ ಹೇಳಬೇಕು. ಬೋರ್ಡಿನ ಮೇಲೆ ನೂರಾರು ಸಣ್ಣ ಬಿಡಿಭಾಗಗಳಿವೆ. ವೋಲ್ಟೇಜ್ ಏರಿಳಿತ, ಸಿಡಿಲು, ಚೆಲ್ಲಿದ ಚಹಾ, ಸಂದಿಯಲ್ಲಿ ಸೇರಿದ ಇರುವೆ, ಫ್ಯಾನಿಗೆ ಕಟ್ಟಿದ ಧೂಳು ಇವುಗಳಿಂದ ಕೆಡುವುದು ಹಲವು ಸಲ ಅವುಗಳಲ್ಲಿ ಒಂದೋ ಎರಡೋ. ಚಾರ್ಜರಿನ ಕರೆಂಟನ್ನು ಒಳಗೆ ಹಂಚುವ ಮಾಸ್‌ಫೆಟ್, ಚಾರ್ಜಿಂಗ್ ಐಸಿ, ಶಾರ್ಟ್ ಆದ ಒಂದು ಕೆಪಾಸಿಟರ್, ಬಯೋಸ್ ತಂತ್ರಾಂಶ ಇರುವ ಚಿಪ್, ಹೀಗೆ. ಮಲ್ಟಿಮೀಟರ್ ಹಿಡಿದು ಎಲ್ಲಿವರೆಗೆ ಕರೆಂಟ್ ಬಂದಿದೆ, ಎಲ್ಲಿ ನಿಂತಿದೆ ಎಂದು ನೋಡುತ್ತಾ ಹೋದರೆ ಕೆಟ್ಟದ್ದು ಸಿಗುತ್ತದೆ. ಇದಕ್ಕೆ ಅಂಗಡಿಯವರು ಚಿಪ್ ಲೆವೆಲ್ ರಿಪೇರಿ ಅನ್ನುತ್ತಾರೆ.

ಹೊಲಕ್ಕೆ ನೀರು ಬರದಿದ್ದರೆ ಬೋರ್‌ವೆಲ್ಲೇ ಬತ್ತಿದೆ ಎಂದು ಯಾರೂ ಮೊದಲೇ ತೀರ್ಮಾನಿಸುವುದಿಲ್ಲ. ಫ್ಯೂಸ್ ನೋಡುತ್ತೇವೆ, ಸ್ಟಾರ್ಟರ್ ನೋಡುತ್ತೇವೆ, ಕೇಬಲ್ ನೋಡುತ್ತೇವೆ. ಇಲ್ಲೂ ಹಾಗೆಯೇ ನೋಡಬೇಕು.

ಹಾಗಾದರೆ ತಾಲ್ಲೂಕಿನ ಹುಡುಗ ಯಾಕೆ ನೋಡುವುದಿಲ್ಲ? ಅವನ ಕೈಯಲ್ಲಿ ಆ ಬೋರ್ಡಿನ ನಕ್ಷೆ ಇಲ್ಲ. ಯಾವ ಗೆರೆ ಎಲ್ಲಿಗೆ ಹೋಗುತ್ತದೆ, ಯಾವ ಜಾಗದಲ್ಲಿ ಎಷ್ಟು ವೋಲ್ಟ್ ಇರಬೇಕು ಎಂಬ ಆ ನಕ್ಷೆಯನ್ನು ಲ್ಯಾಪ್‌ಟಾಪ್ ಕಂಪನಿಗಳು ಸಾಮಾನ್ಯವಾಗಿ ಹೊರಗಿನವರಿಗೆ ಕೊಡುವುದಿಲ್ಲ. ಕಂಪನಿಯ ಸರ್ವೀಸ್ ಸೆಂಟರಿನಲ್ಲೂ ಬೋರ್ಡಿನ ಬಿಡಿಭಾಗ ಸರಿಮಾಡುವುದು ಅಪರೂಪ, ಇಡೀ ಬೋರ್ಡನ್ನೇ ಬದಲಿಸುತ್ತಾರೆ. ಅದರ ಬೆಲೆ ಕೇಳಿದರೆ ಹೊಸದೇ ವಾಸಿ ಅನ್ನಿಸುವಂತಿರುತ್ತದೆ. ನಕ್ಷೆ ಕೊಡದೆ, ಬೋರ್ಡ್ ಮಾರದೆ, ಕೊನೆಗೆ "ಹಳ್ಳಿ ಕಡೆ ರಿಪೇರಿ ಸರಿ ಇಲ್ಲ" ಎಂದರೆ ಯಾವ ನ್ಯಾಯ?

ಹುಡುಕುವುದೇ ಆದರೆ ಹೀಗೆ ಹುಡುಕಿ

ಬೋರ್ಡ್ ಬದಲಿಸಲೇಬೇಕು ಎಂದಾದರೆ ಈ ಕೆಳಗಿನ ಮಾತು ನೆನಪಿಡಿ. ಲ್ಯಾಪ್‌ಟಾಪ್ ಇರುವ ಗೆಳೆಯರಿಗೂ ಕಳಿಸಿ.

ಒಂದು, ಲ್ಯಾಪ್‌ಟಾಪಿನ ತಳದಲ್ಲಿ ಅಂಟಿಸಿದ ಮಾಡೆಲ್ ಹೆಸರು ಸಾಲದು. ಒಂದೇ ಹೆಸರಿನಲ್ಲಿ ಎರಡು ಮೂರು ಬಗೆಯ ಬೋರ್ಡ್ ಇರುತ್ತವೆ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವುದು ಒಂದು, ಇಲ್ಲದ್ದು ಇನ್ನೊಂದು. ತಂಪು ಮಾಡುವ ತಾಮ್ರದ ಕೊಳವೆಯೂ ಆಗ ಬೇರೆ ಬೇರೆ. ಹಿಂದಿನ ಮುಚ್ಚಳ ತೆಗೆದಾಗ ಬೋರ್ಡಿನ ಮೇಲೇ ಅಚ್ಚಾದ ನಂಬರ್ ಕಾಣುತ್ತದೆ. ಬೋರ್ಡ್ ಮಾಡುವ ತೈವಾನ್ ಕಂಪನಿಗಳಲ್ಲಿ ಕಾಂಪಾಲ್‌ನದು 'ಎಲ್‌ಎ' ಎಂದು, ಕ್ವಾಂಟಾದ್ದು 'ಡಿಎ' ಎಂದು ಶುರುವಾಗುತ್ತದೆ. ಆ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ಹುಡುಕಬೇಕಾದ್ದು ಅದನ್ನೇ.

ಎರಡು, ಪ್ರೊಸೆಸರಿನ ಪೂರ್ತಿ ಹೆಸರು ಬರೆದಿಟ್ಟುಕೊಳ್ಳಿ. ಬರೀ "ಐ5" ಅಂದರೆ ಏನೂ ಹೇಳಿದಂತಾಗಲಿಲ್ಲ. ನಂಬರ್ ಮತ್ತು ಕೊನೆಯ ಅಕ್ಷರ ಮುಖ್ಯ. ತೆಗೆಯಬಹುದಾದ ಪ್ರೊಸೆಸರ್ ಆಗಿದ್ದರೆ ಖಾಲಿ ಬೋರ್ಡ್ ಸಾಕು. ಬೆಸುಗೆಯದ್ದಾದರೆ ಪ್ರೊಸೆಸರ್ ಇರುವ ಬೋರ್ಡ್ ಬೇಕು. ಪಿನ್ ಹೊಂದಿದರೂ ಬೋರ್ಡಿನ ಬಯೋಸ್ ಆ ಪ್ರೊಸೆಸರನ್ನು ಗುರುತಿಸದಿದ್ದರೆ ಯಂತ್ರ ಏಳುವುದಿಲ್ಲ. ಆದ್ದರಿಂದ ನಿಮ್ಮ ಪ್ರೊಸೆಸರನ್ನೇ ಹಾಕಿ, ಆನ್ ಮಾಡಿ ತೋರಿಸಿದ ಮೇಲೆಯೇ ಹಣ ಕೊಡಿ.

ಮೂರು, ಒಳ್ಳೆಯ ಬೋರ್ಡ್ ಬರುವುದು ಬೇರೆ ಕಾರಣಕ್ಕೆ ಕೆಟ್ಟ ಲ್ಯಾಪ್‌ಟಾಪಿನಿಂದ. ಪರದೆ ಒಡೆದದ್ದು, ಹಿಂಜ್ ಮುರಿದದ್ದು, ಬ್ಯಾಟರಿ ಸತ್ತದ್ದು ಇವುಗಳಲ್ಲಿ ಬೋರ್ಡ್ ಗಟ್ಟಿಯಾಗಿರುತ್ತದೆ. ಬೆಂಗಳೂರಿನಲ್ಲಿ ಎಸ್.ಪಿ. ರೋಡ್ ಎಂದು ಹೆಸರಾದ ರಸ್ತೆಯಲ್ಲಿ ಇಂಥ ಹಳೆ ಬೋರ್ಡು, ಬಿಡಿಭಾಗಗಳ ಅಂಗಡಿಗಳು ಸಾಲಾಗಿವೆ. ಆದರೆ ಅಲ್ಲಿಗೆ ಹೋಗುವ ಮೊದಲು ನಿಮ್ಮ ಊರು, ಕಾಲೇಜು, ತಾಲ್ಲೂಕಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿ. ಅದೇ ಮಾಡೆಲಿನ ಒಡೆದ ಲ್ಯಾಪ್‌ಟಾಪ್ ಯಾರದೋ ಅಟ್ಟದ ಮೇಲೆ ಬಿದ್ದಿರಬಹುದು.

ನಾಲ್ಕು, ನಿಮ್ಮ ಕಡತಗಳು ಬೋರ್ಡಿನಲ್ಲಿ ಅಲ್ಲ, ಡಿಸ್ಕಿನಲ್ಲಿರುತ್ತವೆ. ಡಿಸ್ಕ್ ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿ ಫೋಟೊ, ಪ್ರಾಜೆಕ್ಟ್ ಉಳಿಸಿಕೊಳ್ಳಬಹುದು. ತೀರಾ ಅಗ್ಗದ ಕೆಲವು ಲ್ಯಾಪ್‌ಟಾಪಿನಲ್ಲಿ ಮಾತ್ರ ಸಂಗ್ರಹವೂ ಇಎಂಎಂಸಿ ಎಂಬ ಹೆಸರಿನಲ್ಲಿ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಅಂಥದ್ದು ನಿಮ್ಮಲ್ಲಿದ್ದರೆ ಬೇಕಾದ್ದನ್ನು ಇವತ್ತೇ ಪೆನ್‌ಡ್ರೈವಿಗೆ ಹಾಕಿಕೊಳ್ಳಿ.

ಐದು, ವಿಂಡೋಸ್ 10 ಅಥವಾ 11 ಇದ್ದರೆ ಅದರ ಪರವಾನಗಿ ಬೋರ್ಡಿಗೆ ಅಂಟಿಕೊಂಡಿರುತ್ತದೆ. ಬೋರ್ಡ್ ಬದಲಾದರೆ ಮತ್ತೆ ಆ್ಯಕ್ಟಿವೇಟ್ ಮಾಡಬೇಕಾಗಿ ಬರಬಹುದು. ಬಿಟ್‌ಲಾಕರ್ ಎಂಬ ಬೀಗ ಇದ್ದರೆ 48 ಅಂಕಿಯ ಕೀಲಿ ಕೇಳುತ್ತದೆ. ಅದು ಇಲ್ಲದೆ ಡಿಸ್ಕ್ ತೆರೆಯುವುದಿಲ್ಲ. ಹಲವರ ಕೀಲಿ ಅವರ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತದೆ, ಮೊಬೈಲಿನಿಂದಲೇ ತೆರೆದು ನೋಡಬಹುದು.

ಆರು, ಬಿಲ್ ತಗೊಳ್ಳಿ, ಅದರಲ್ಲಿ ಬೋರ್ಡಿನ ನಂಬರ್ ಮತ್ತು ಎಷ್ಟು ದಿನದ ವಾರಂಟಿ ಎಂದು ಬರೆಸಿ. ಹಳೆಯ ಬೋರ್ಡ್ ವಾಪಸ್ ಕೇಳಿ ಪಡೆಯಿರಿ, ಅದು ನಿಮ್ಮದು. ಹೀಟ್‌ಗನ್ ಹಿಡಿದು ಚಿಪ್ ಬಿಸಿ ಮಾಡಿ "ಸರಿಯಾಯ್ತು" ಅನ್ನುವವರ ಬಗ್ಗೆ ಎಚ್ಚರ. ಹಾಗೆ ಎದ್ದ ಯಂತ್ರ ಕೆಲವೇ ದಿನಗಳಲ್ಲಿ ಮತ್ತೆ ಮಲಗುವುದೇ ಹೆಚ್ಚು.

ಮತ್ತೆ, ಕೆಡದಂತೆ ನೋಡಿಕೊಳ್ಳುವುದೂ ಮುಖ್ಯ. ಮೂರು ಪಿನ್ನಿನ ಚಾರ್ಜರನ್ನು ಅರ್ಥಿಂಗ್ ಇರುವ ಬೋರ್ಡಿಗೇ ಹಾಕಿ, ಪಿನ್ ಮುರಿದು ಎರಡಕ್ಕೆ ಇಳಿಸಬೇಡಿ. ಗುಡುಗು ಮಿಂಚು ಇದ್ದಾಗ ಪ್ಲಗ್ ಕಿತ್ತಿಡಿ.

ಇದು ಬರೀ ನಮ್ಮ ಜಾಣತನದ ಪ್ರಶ್ನೆಯಲ್ಲ

ಇಷ್ಟೆಲ್ಲ ಗೊತ್ತಿದ್ದರೂ ಬೋರ್ಡೇ ಮಾರುಕಟ್ಟೆಯಲ್ಲಿ ಇಲ್ಲದಿದ್ದರೆ ಏನು ಮಾಡುವುದು? ಅದು ಕಾನೂನು ಮತ್ತು ಸರ್ಕಾರದ ಪ್ರಶ್ನೆ.

ಫ್ರಾನ್ಸ್ ದೇಶದಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪ್ ಮಾರುವಾಗ ಅದರ ಪಕ್ಕದಲ್ಲೇ ಹತ್ತಕ್ಕೆ ಎಷ್ಟು ರಿಪೇರಿ ಅಂಕ ಎಂದು ತೋರಿಸಬೇಕು. ಬಿಚ್ಚುವುದು ಸುಲಭವೇ, ಬಿಡಿಭಾಗ ಸಿಗುತ್ತದೆಯೇ, ಅದರ ಬೆಲೆ ಎಷ್ಟು, ರಿಪೇರಿ ಮಾಹಿತಿ ಕೊಟ್ಟಿದ್ದಾರೆಯೇ ಎಂದು ನೋಡಿ ಆ ಅಂಕ. ಯುರೋಪ್ ಒಕ್ಕೂಟ ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್‌ಗಳಿಗೆ 2025ರ ಜೂನ್‌ನಿಂದ ಹೊಸ ನಿಯಮ ತಂದಿದೆ. ಆ ಮಾಡೆಲ್ ಮಾರಾಟ ನಿಂತ ಮೇಲೂ ಮುಖ್ಯ ಬಿಡಿಭಾಗಗಳು ಏಳು ವರ್ಷ ಸಿಗುತ್ತಿರಬೇಕು.

ನಮ್ಮ ದೇಶದಲ್ಲೂ ಮಾತು ಶುರುವಾಗಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ವರ್ಷದ ಡಿಸೆಂಬರ್ 24ರಂದು ಒಂದು ಜಾಲತಾಣವನ್ನೂ ತೆರೆಯಿತು. ಅದಕ್ಕೆ ಆರಿಸಿಕೊಂಡ ನಾಲ್ಕು ವಲಯಗಳು: ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ. ರೈತರ ಉಪಕರಣವೂ ಆ ಪಟ್ಟಿಯಲ್ಲಿದೆ ಎಂಬುದನ್ನು ಗಮನಿಸಿ. ಫ್ರಾನ್ಸಿನ ಹಾಗೆ ರಿಪೇರಿ ಅಂಕ ಕೊಡುವ ಬಗ್ಗೆ ಇನ್ನೊಂದು ಸಮಿತಿ 2025ರಲ್ಲಿ ವರದಿ ಕೊಟ್ಟಿದೆ. ಆದರೆ ಅದರಲ್ಲೂ ಮೊದಲ ಸರದಿ ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್‌ಗೆ. ಲ್ಯಾಪ್‌ಟಾಪ್ ಹಿಂದೆ ಉಳಿಯಬಾರದು ಎಂಬುದು ನಮ್ಮ ಒತ್ತಾಯ.

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ನಮ್ಮ ರಾಜ್ಯ ಸರ್ಕಾರದ ಕೈಯಲ್ಲೇ ಒಂದು ಕೀಲಿ ಇದೆ. ಪದವಿ ವಿದ್ಯಾರ್ಥಿಗಳಿಗೆ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಸರ್ಕಾರದ ಯೋಜನೆಗಳಲ್ಲಿ ಲ್ಯಾಪ್‌ಟಾಪ್ ಹಂಚಿದ್ದನ್ನು ನಾವೆಲ್ಲ ನೋಡಿದ್ದೇವೆ. ಒಂದೊಂದು ಸಲ ಸಾವಿರಗಟ್ಟಲೆ ಯಂತ್ರ, ಅದೂ ಒಂದೇ ಮಾಡೆಲ್. ಅಷ್ಟು ಕೊಳ್ಳುವವರು ಟೆಂಡರಿನಲ್ಲಿ ಷರತ್ತು ಹಾಕಿದರೆ ಕಂಪನಿ ಕೇಳದೆ ಇರುತ್ತದೆಯೇ?

ನಾವು ಕೇಳುವ ಷರತ್ತು ಮೂರು. ಕೊಟ್ಟ ಮಾಡೆಲಿನ ಬೋರ್ಡ್ ಏಳು ವರ್ಷ ಬಿಡಿಯಾಗಿ ಸಿಗಬೇಕು. ಅದರ ಬೆಲೆಯನ್ನು ಟೆಂಡರಿನಲ್ಲೇ ನಮೂದಿಸಬೇಕು. ಬೋರ್ಡಿನ ನಕ್ಷೆಯನ್ನು ಸರ್ಕಾರಿ ಐಟಿಐ, ಪಾಲಿಟೆಕ್ನಿಕ್‌ಗಳಿಗೆ ಕೊಡಬೇಕು.

ಜೊತೆಗೆ ಹೆಚ್ಚು ಖರ್ಚಿಲ್ಲದ ಒಂದು ಕೆಲಸವಿದೆ. ಒಂದೇ ಮಾಡೆಲ್ ಹಂಚಿದ ಕಡೆ ಪ್ರತಿ ತಾಲ್ಲೂಕಿನಲ್ಲಿ ಒಂದು ಕಾಲೇಜನ್ನು ಗೊತ್ತುಮಾಡಿ, ಕೆಟ್ಟ ಲ್ಯಾಪ್‌ಟಾಪುಗಳನ್ನು ಅಲ್ಲಿ ಸೇರಿಸಿ. ಒಬ್ಬರದರಲ್ಲಿ ಬೋರ್ಡ್ ಹೋಗಿ ಪರದೆ ಚೆನ್ನಾಗಿರುತ್ತದೆ. ಇನ್ನೊಬ್ಬರದರಲ್ಲಿ ಪರದೆ ಒಡೆದು ಬೋರ್ಡ್ ಚೆನ್ನಾಗಿರುತ್ತದೆ. ಎರಡು ಸತ್ತ ಯಂತ್ರದಿಂದ ಒಂದು ಜೀವಂತ ಯಂತ್ರ ಮಾಡಲು ವಿಜ್ಞಾನಿ ಬೇಕಿಲ್ಲ, ಸ್ಕ್ರೂಡ್ರೈವರ್ ಮತ್ತು ತಾಳ್ಮೆ ಬೇಕು. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಇವತ್ತು ಜಿಲ್ಲೆಗಳಲ್ಲಿ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಿವೆ. ಅಲ್ಲಿ ಮೊಬೈಲ್ ರಿಪೇರಿ ಕಲಿಸುತ್ತಾರೆ. ಲ್ಯಾಪ್‌ಟಾಪ್ ಬೋರ್ಡ್ ರಿಪೇರಿಯನ್ನೂ ಚಿಪ್ ಮಟ್ಟದಲ್ಲಿ ಕಲಿಸಿದರೆ ನಮ್ಮ ಹುಡುಗರಿಗೆ, ಹುಡುಗಿಯರಿಗೆ ಊರಲ್ಲೇ ಒಂದು ಕಸುಬು ಸಿಗುತ್ತದೆ.

ಕಂಪನಿಯವರ ಮಾತನ್ನೂ ಕೇಳೋಣ

ಕಂಪನಿಗಳು ಹೇಳುವ ಕಾರಣದಲ್ಲಿ ಹುರುಳಿಲ್ಲದೆ ಇಲ್ಲ. ಸಾಕೆಟ್ ಇಟ್ಟರೆ ಯಂತ್ರ ದಪ್ಪವಾಗುತ್ತದೆ. ಮೊದಲು ಹೇಳಿದ 4200ಎಂ ಪ್ರೊಸೆಸರ್ 37 ವ್ಯಾಟ್‌ನದು, 4200ಯು ಬರೀ 15 ವ್ಯಾಟ್‌ನದು. ಹಾಗಾಗಿ ಎರಡನೆಯದರಲ್ಲಿ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಯಂತ್ರ ಹಗುರ. ಗಂಟೆಗಟ್ಟಲೆ ಕರೆಂಟ್ ಹೋಗುವ ನಮ್ಮ ಊರಿಗೆ ಅದು ಸಣ್ಣ ಲಾಭವಲ್ಲ.

ಆದರೆ ನಾವು ಹಳೆಯ ಸಾಕೆಟ್ ವಾಪಸ್ ಕೊಡಿ ಎಂದು ಕೇಳುತ್ತಿಲ್ಲ. ಪ್ರೊಸೆಸರ್ ಬೆಸುಗೆಯಲ್ಲೇ ಇರಲಿ, ಅದರ ಸಮೇತ ಬೋರ್ಡನ್ನು ನ್ಯಾಯವಾದ ಬೆಲೆಗೆ ಮಾರಿ ಎನ್ನುತ್ತಿದ್ದೇವೆ. ಅದು ಆಗದ ಮಾತಲ್ಲ. ಅಮೆರಿಕದ ಫ್ರೇಮ್‌ವರ್ಕ್ ಎಂಬ ಸಣ್ಣ ಕಂಪನಿ 2021ರಲ್ಲಿ ತಂದ ಲ್ಯಾಪ್‌ಟಾಪಿಗೆ ಮರುವರ್ಷವೇ ಹೊಸ ತಲೆಮಾರಿನ ಪ್ರೊಸೆಸರ್ ಇರುವ ಬೋರ್ಡ್ ಬಿಡಿಯಾಗಿ ಮಾರಿತು. ಹಳೆ ಡಬ್ಬಿ, ಹಳೆ ಪರದೆ, ಹಳೆ ಕೀಬೋರ್ಡ್ ಹಾಗೇ ಇಟ್ಟುಕೊಂಡು ಒಳಗಿನ ಬೋರ್ಡ್ ಮಾತ್ರ ಬದಲಿಸಬಹುದು. ಆ ಯಂತ್ರ ತೆಳ್ಳಗೂ ಇದೆ, ಹಗುರವೂ ಇದೆ. ಸಣ್ಣ ಕಂಪನಿಗೆ ಆದದ್ದು ದೊಡ್ಡವರಿಗೆ ಯಾಕೆ ಆಗುವುದಿಲ್ಲ?

ಬಿಸಾಡುವುದಕ್ಕೂ ಬೆಲೆ ಇದೆ. ಗುಜರಿಗೆ ಹೋದ ಬೋರ್ಡನ್ನು ತಾಮ್ರಕ್ಕಾಗಿ, ಚೂರು ಚಿನ್ನಕ್ಕಾಗಿ ಸುಡುವ, ಆಸಿಡ್‌ನಲ್ಲಿ ಅದ್ದುವ ಕೆಲಸ ನಡೆಯುತ್ತದೆ. ಹಳೆಯ ಬೆಸುಗೆಯಲ್ಲಿ ಸೀಸ ಇರುತ್ತದೆ. ಆ ಹೊಗೆ ಸೇರುವುದು ಅಲ್ಲಿ ದುಡಿಯುವವರ ಎದೆಗೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮಾಡಿದವರ ಮೇಲೇ ಮರುಬಳಕೆಯ ಹೊಣೆ ಹೊರಿಸಿವೆ. ಸರಿಯೇ. ಆದರೆ ಪುಡಿ ಮಾಡಿ ಲೋಹ ತೆಗೆಯುವುದಕ್ಕಿಂತ ರಿಪೇರಿ ಮಾಡಿ ಇನ್ನೈದು ವರ್ಷ ಓಡಿಸುವುದು ಮೇಲಲ್ಲವೇ?

ಓದುಗರಲ್ಲಿ ನಮ್ಮ ಕೋರಿಕೆ ಇಷ್ಟೇ. ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ರ್‍ಯಾಮ್ ಎಷ್ಟು, ಬಣ್ಣ ಯಾವುದು ಎಂದು ಕೇಳುವ ಜೊತೆಗೆ "ಬೋರ್ಡ್ ಹೋದರೆ ಸಿಗುತ್ತದೆಯೇ, ಎಷ್ಟಾಗುತ್ತದೆ, ಬರೆದು ಕೊಡುತ್ತೀರಾ?" ಎಂದೂ ಕೇಳಿ. ವಾರಂಟಿ ಇದ್ದೂ ಬಿಡಿಭಾಗ ಇಲ್ಲ ಎಂದು ಓಡಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿ. ಮುಂದಿನ ಗ್ರಾಮಸಭೆಯಲ್ಲೋ, ಕಾಲೇಜಿನ ಸಭೆಯಲ್ಲೋ ಶಾಸಕರು ಲ್ಯಾಪ್‌ಟಾಪ್ ಹಂಚಲು ಬಂದಾಗ ಚಪ್ಪಾಳೆ ಹೊಡೆಯಿರಿ. ಆಮೇಲೆ ಕೈ ಎತ್ತಿ, ಇದರ ಬೋರ್ಡ್ ಎಷ್ಟು ವರ್ಷ ಸಿಗುತ್ತದೆ ಎಂದು ಒಂದು ಪ್ರಶ್ನೆ ಕೇಳಿ.